ಮಣ್ಣಿನ ದಂಡೆ ಎಲ್ಲಿ ಸೋರುತ್ತಿದೆ? ಊರ ಕೆರೆಯ ದೋಷ ಹುಡುಕುವ ಕೈಪಿಡಿ

ಉಡುಪಿ, ಮಂಗಳೂರು ಕಡೆಯ ಸಣ್ಣ ಕೆರೆ, ಮದಗಗಳಿಗೆ ಈಗ ಮೂರು ಕೆಲಸ. ಕೆಳಗಿನ ಗದ್ದೆ, ತೋಟಕ್ಕೆ ನೀರು. ಪಂಚಾಯತಿನ ಕುಡಿಯುವ ನೀರಿನ ಬಾವಿಗೆ ಒರತೆ. ಸಂಜೆ ಹೊತ್ತು ಊರವರಿಗೆ ವಾಕಿಂಗ್. ಮಣಿಪಾಲದ ಮಣ್ಣಪಳ್ಳ, ಮಂಗಳೂರಿನ ಪಿಲಿಕುಳ ನೋಡಿ ಬಂದ ಮೇಲೆ ಎಲ್ಲ ಊರಿಗೂ ಒಂದು ಇಂಟರ್‌ಲಾಕ್ ದಾರಿ, ನಾಲ್ಕು ಬೆಂಚು, ಸಾಧ್ಯವಾದರೆ ಒಂದು ಪೆಡಲ್ ಬೋಟು ಬೇಕು ಅನಿಸಿದೆ. ಅದೇನೂ ತಪ್ಪಲ್ಲ. ಆದರೆ ಈ ಮೂರೂ ನಿಂತಿರುವುದು ಒಂದೇ ಮಣ್ಣಿನ ದಂಡೆಯ ಮೇಲೆ. ಅದನ್ನು ವರ್ಷಕ್ಕೊಮ್ಮೆ ಬುಡದಿಂದ ತಲೆಯವರೆಗೆ ನೋಡುವವರು ಮಾತ್ರ ಕಡಿಮೆ.

ಸರಕಾರ ನೋಡಿಕೊಳ್ಳುತ್ತದೆ ಅಂತ ಸುಮ್ನೆ ಕೂರುವ ಹಾಗಿಲ್ಲ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಇರುವುದು 15 ಮೀಟರಿಗಿಂತ ಎತ್ತರದ ಅಣೆಕಟ್ಟುಗಳಿಗೆ. 10ರಿಂದ 15 ಮೀಟರ್ ಎತ್ತರದವು ಉದ್ದ, ನೀರಿನ ಪ್ರಮಾಣದಂಥ ಕೆಲವು ಷರತ್ತಿಗೆ ಒಳಪಟ್ಟರೆ ಮಾತ್ರ ಸೇರುತ್ತವೆ. ನಮ್ಮ ನಾಲ್ಕೈದು ಮೀಟರಿನ ದಂಡೆ ಅದರ ಲೆಕ್ಕಕ್ಕೇ ಇಲ್ಲ. ಮಳೆ ನೋಡಿದರೆ ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು, ಅದರಲ್ಲೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ದಂಡೆ ಹಾಳಾಗುವುದು ಆ ನಾಲ್ಕು ತಿಂಗಳಲ್ಲಿ. ದೋಷ ಸರಿಯಾಗಿ ಕಾಣುವುದು ಅಕ್ಟೋಬರ್, ನವೆಂಬರಿನಲ್ಲಿ: ಮಳೆ ನಿಂತಿರುತ್ತದೆ, ಕೆರೆ ಮಾತ್ರ ತುಂಬಿಯೇ ಇರುತ್ತದೆ.

ಕೆಲಸ ಶುರು ಮಾಡುವ ಮೊದಲು ಒಂದು ಮಾತು. ಮಣ್ಣಿನ ದಂಡೆ ಅಂದ ಮೇಲೆ ಸ್ವಲ್ಪ ನೀರು ಜಿನುಗಿಯೇ ಜಿನುಗುತ್ತದೆ. ಗಾಬರಿ ಬೇಡ. ಕೇಳಬೇಕಾದ ಪ್ರಶ್ನೆ ಎರಡೇ. ಆ ನೀರಿನ ಜೊತೆ ಮಣ್ಣು ಬರುತ್ತಿದೆಯಾ? ಕೆರೆಯ ಮಟ್ಟ ಅಷ್ಟೇ ಇದ್ದರೂ ಜಿನುಗು ಜಾಸ್ತಿ ಆಗುತ್ತಿದೆಯಾ? ಕೆಳಗೆ ಹೇಳುವ ಪರೀಕ್ಷೆಗಳಲ್ಲಿ ಹೆಚ್ಚಿನವು ಈ ಎರಡಕ್ಕೆ ಉತ್ತರ ಹುಡುಕುವ ದಾರಿಗಳು.

ಇವು ಕಂಡರೆ ಮುಂದೆ ಓದಬೇಡಿ, ಫೋನ್ ಮಾಡಿ

ದಂಡೆಯ ಬುಡದಲ್ಲಿ ಕೆಸರು ನೀರು ಚಿಮ್ಮುತ್ತಿದೆ. ಕೆರೆಯ ಒಳಗೆ, ದಂಡೆಯ ಹತ್ತಿರ ಸುಳಿ ಎದ್ದಿದೆ. ದಂಡೆಯ ತಲೆ ಇದ್ದಕ್ಕಿದ್ದಂತೆ ಕುಸಿದಿದೆ. ಹೆಚ್ಚಿನ ನೀರು ಹೊರಹೋಗಲು ಇರುವ ಕೋಡಿ ಬಿಟ್ಟು ದಂಡೆಯ ಮೇಲೇ ನೀರು ಹರಿಯುತ್ತಿದೆ. ಈ ನಾಲ್ಕರಲ್ಲಿ ಒಂದು ಕಂಡರೂ ಮೊದಲು ಕೆಳಗಿನ ಮನೆಯವರನ್ನು ಎತ್ತರದ ಜಾಗಕ್ಕೆ ಕಳಿಸಿ. 112ಕ್ಕೆ ಅಥವಾ ಜಿಲ್ಲಾ ಕಂಟ್ರೋಲ್ ರೂಮಿನ 1077ಕ್ಕೆ ಹೇಳಿ. ಗದ್ದೆಗೆ ನೀರು ಬಿಡುವ ತೂಬು ತೆರೆಯಲು ಸಾಧ್ಯ ಇದ್ದರೆ ತೆರೆಯಿರಿ. ವಿಡಿಯೊ ಮಾಡಲು ದಂಡೆಯ ಮೇಲೆ ಯಾರೂ ನಿಲ್ಲುವುದು ಬೇಡ.

ಸಮಯ ಎಷ್ಟಿರುತ್ತದೆ ಅಂತ ಕೇಳುವವರಿಗೆ ಒಂದು ಉದಾಹರಣೆ. ಅಮೆರಿಕದ ಐಡಾಹೊದಲ್ಲಿ ಟೀಟನ್ ಅಂತ ಮಣ್ಣಿನ ಅಣೆಕಟ್ಟು ಇತ್ತು. ಮೊದಲ ಸಲ ನೀರು ತುಂಬಿಸುವಾಗಲೇ, 1976ರ ಜೂನ್ 5ರ ಬೆಳಗ್ಗೆ ಕೆಸರು ನೀರು ಕಂಡಿತು. ಮಧ್ಯಾಹ್ನ 12ರ ಒಳಗೆ ಅಣೆಕಟ್ಟು ಒಡೆದಿತ್ತು. ಅದು 90 ಮೀಟರಿಗಿಂತ ಎತ್ತರದ್ದು, ಎಂಜಿನಿಯರುಗಳ ಕಣ್ಣೆದುರೇ ಹೋದದ್ದು.

ನಳ್ಳಿಯಲ್ಲಿ ಬಿಳಿ ನೀರು

ಈ ದೂರು ಕೆರೆಯ ಬಗ್ಗೆ ಅಂತ ಯಾರಿಗೂ ಅನಿಸುವುದಿಲ್ಲ. ಪಂಪು ಬಿಡುವವರಿಗೆ ಫೋನ್ ಹೋಗುತ್ತದೆ. "ಅಣ್ಣ, ನಳ್ಳಿಯಲ್ಲಿ ಬಿಳಿ ನೀರು ಬರ್ತಾ ಉಂಟು ಮಾರಾಯ್ರೆ, ಕುಡಿಲಿಕ್ಕೆ ಆಗುದಿಲ್ಲ." ಅವರು ಟ್ಯಾಂಕು ತೊಳೆಸುತ್ತಾರೆ. ಎರಡು ದಿನ ಸರಿ ಇರುತ್ತದೆ, ಮತ್ತೆ ಶುರು. ನನ್ನ ಪ್ರಕಾರ ಕೆರೆಯ ಕೆಳಗೆ ಬಾವಿ ಇರುವ ಊರಿನಲ್ಲಿ ಮೊದಲು ಬಿಡಿಸಬೇಕಾದ ಗಂಟು ಇದು.

ಪಾರದರ್ಶಕ ಗಾಜಿನ ಗ್ಲಾಸಿನಲ್ಲಿ ನೀರು ಹಿಡಿದು ಕಿಟಕಿಯ ಹತ್ತಿರ ಇಡಿ. ಒಂದೆರಡು ನಿಮಿಷದಲ್ಲಿ ಬುಡದಿಂದ ಮೇಲಕ್ಕೆ ತಿಳಿಯಾಗುತ್ತಾ ಬಂದರೆ ಅದು ಗಾಳಿ. ಪೈಪಿನಲ್ಲಿ ಎಲ್ಲೋ ಗಾಳಿ ಎಳೆಯುತ್ತಿದೆ, ಪ್ಲಂಬರ್ ಕೆಲಸ. ಗಂಟೆ ಕಳೆದರೂ ಮಬ್ಬು ಹಾಗೇ ಇದ್ದು, ಮರುದಿನ ಬೆಳಗ್ಗೆ ತಳದಲ್ಲಿ ತೆಳು ಪದರ ಕೂತಿದ್ದರೆ ಅದು ಮಣ್ಣು. ನೀರು ಚೆಲ್ಲಿ ಆ ಪದರವನ್ನು ಬೆರಳಲ್ಲಿ ಉಜ್ಜಿ. ಅಕ್ಕಿಹಿಟ್ಟಿನ ಹಾಗೆ ನುಣುಪಾಗಿ, ಬಿಳಿ ಅಥವಾ ತಿಳಿ ಗುಲಾಬಿ ಬಣ್ಣದಲ್ಲಿದ್ದರೆ ಹೆಚ್ಚಾಗಿ ಅದು ಶೇಡಿ ಮಣ್ಣು.

ಬಾವಿ ತೋಡುವವರಿಗೆ ಶೇಡಿ ಅಂದರೆ ಹೆದರಿಕೆ. ಕರಾವಳಿಯಲ್ಲಿ ಮೇಲೆ ಗಟ್ಟಿ ಮುರಕಲ್ಲು, ಅಂದರೆ ಕೆಂಪು ಕಲ್ಲು ಇರುತ್ತದೆ, ಅದರ ಕೆಳಗೆ ಈ ಮಣ್ಣು. ಒಣಗಿದ್ದಾಗ ಗುದ್ದಲಿಯೂ ಇಳಿಯದಷ್ಟು ಗಟ್ಟಿ. ನೀರು ಕುಡಿಯಿತೋ, ಬಲ ಎಲ್ಲ ಹೋಯಿತು. ಹರಿಯುವ ನೀರು ಅದನ್ನು ಸುಲಭವಾಗಿ ಹೊತ್ತೊಯ್ಯುತ್ತದೆ. ದಂಡೆಯ ಅಡಿಪಾಯ ಶೇಡಿಯ ಮೇಲೆ ಇದ್ದರೆ, ಅಥವಾ ಜೆಸಿಬಿಯವರು ಹತ್ತಿರದ ಗುಡ್ಡದ ಶೇಡಿಯನ್ನೇ ತಂದು ದಂಡೆ ಎತ್ತರಿಸಿದ್ದರೆ, ಸೋರಿಕೆ ಸಣ್ಣದಾದರೂ ಅಪಾಯ ದೊಡ್ಡದು.

ಈಗ ಮಣ್ಣು ಎಲ್ಲಿಂದ ಬರುತ್ತಿದೆ ನೋಡುವಾ. ಬಾವಿಯಿಂದಲೇ ಮೂರು ಬಾಟಲಿ ನೀರು ತೆಗೆಯಿರಿ: ಪಂಪು ಹಾಕುವ ಮೊದಲು, ಹಾಕಿದ ಕೂಡಲೇ, ಒಂದು ಗಂಟೆ ಬಿಟ್ಟು. ಮೂರೂ ತಿಳಿ ಇದ್ದರೆ ದೋಷ ಟ್ಯಾಂಕಿನಲ್ಲಿ ಅಥವಾ ಲೈನಿನಲ್ಲಿ. ಪಂಪು ಹಾಕಿದ ಕೂಡಲೇ ಮಬ್ಬಾಗಿ ಆಮೇಲೆ ತಿಳಿಯಾದರೆ ಪಂಪು ಬಾವಿಯ ತಳಕ್ಕೆ ತೀರಾ ಹತ್ತಿರ ಇದೆ. ಒಂದು ಮೀಟರ್ ಮೇಲೆತ್ತಿ ನೋಡಿ. ಪಂಪು ಓಡಿದಷ್ಟೂ ಮಬ್ಬು ಜಾಸ್ತಿ ಆಗುತ್ತಾ ಹೋದರೆ ಮಾತ್ರ ವಿಷಯ ಗಂಭೀರ. ನೀರಿನ ಜೊತೆ ಸುತ್ತಲಿನ ಮಣ್ಣೂ ಬಾವಿಗೆ ಬರುತ್ತಿದೆ.

ಆಗ ಬಾವಿ ದಂಡೆಯಿಂದ ಎಷ್ಟು ದೂರ ಇದೆ ನೋಡಿ. ದಂಡೆಯ ಬುಡದಲ್ಲಿ ಬಾವಿ ತೋಡುವುದು ನಮ್ಮಲ್ಲಿ ಮಾಮೂಲು. ನೀರು ಗ್ಯಾರಂಟಿ ಅಲ್ವಾ! ಆದರೆ ಕೆರೆಯ ನೀರು ದಂಡೆಯ ಅಡಿಯಿಂದ ದೂರ ಹೋಗಿ ನಿಧಾನ ಹೊರಬರಬೇಕಾದ ಕಡೆ, ಬುಡದಲ್ಲೇ ಒಂದು ಆಳದ ಗುಂಡಿ ಸಿಕ್ಕಿದರೆ ಅದರ ದಾರಿ ಗಿಡ್ಡ ಆಗುತ್ತದೆ, ವೇಗ ಹೆಚ್ಚುತ್ತದೆ. ಮೇಲಿಂದ ಪಂಪು ಬೇರೆ ಎಳೆಯುತ್ತದೆ. ಶೇಡಿ ಕರಗಿ ಬರಲು ಇಷ್ಟು ಸಾಕು. ಬಾವಿಯಿಂದ ಹಿಂದಕ್ಕೆ, ಕೆರೆಯ ಕಡೆಗೆ ಒಂದು ಕೊಳವೆಯೇ ಬೆಳೆಯುತ್ತಾ ಹೋಗುತ್ತದೆ. ಮೇಲಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ.

ಖಚಿತ ಮಾಡಿಕೊಳ್ಳಲು ದಾರಕ್ಕೆ ಕಲ್ಲು ಕಟ್ಟಿ ಬಾವಿಯ ಆಳ ಅಳೆದು ಬರೆದಿಡಿ. ತಿಂಗಳು ಬಿಟ್ಟು ಪುನಃ ಅಳೆಯಿರಿ. ಆಳ ಕಡಿಮೆ ಆಗಿದ್ದರೆ ಅಷ್ಟು ಮಣ್ಣು ಒಳಗೆ ಬಂದು ಕೂತಿದೆ. ರಿಂಗ್ ವಾಲಿದೆಯಾ, ರಿಂಗಿನ ಹಿಂದೆ ಪೊಳ್ಳಾಗಿದೆಯಾ, ಕಟ್ಟೆಯ ಸುತ್ತ ನೆಲ ತಗ್ಗಿದೆಯಾ ನೋಡಿ. ಹೌದಾದರೆ ಪಂಪಿನ ಗಂಟೆ ಕೂಡಲೇ ಕಡಿಮೆ ಮಾಡಿ, ಕೆರೆಯ ಮಟ್ಟ ನಿಧಾನ ಇಳಿಸಿ, ಎಂಜಿನಿಯರನ್ನು ಕರೆಸಿ. ಬಾವಿಯ ತಳಕ್ಕೆ ಮೊದಲು ಮರಳು, ಅದರ ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ದೊಡ್ಡ ಜಲ್ಲಿ ಹಾಕಿದರೆ ನೀರು ಬರುತ್ತದೆ, ಮಣ್ಣು ಬರುವುದಿಲ್ಲ. ಈ ಕ್ರಮ ತಿರುಗು ಮುರುಗು ಆಗಬಾರದು. ದೂರದ ಜಾಗದಲ್ಲಿ ಬೇರೆ ಬಾವಿ ತೋಡುವುದೇ ಕೊನೆಯ ಪರಿಹಾರ. ನೀರಿನ ಟ್ಯಾಂಕಿಗೆ ಫಿಲ್ಟರ್ ಕೂರಿಸಿದರೆ ದೂರು ನಿಲ್ಲುತ್ತದೆ, ಕೊಳವೆ ಬೆಳೆಯುವುದು ನಿಲ್ಲುವುದಿಲ್ಲ. ಅಷ್ಟು ಮಾತ್ರ ಅಲ್ಲ, ಇದ್ದ ಒಂದು ಸೂಚನೆಯೂ ಕಣ್ಣಿಂದ ಮರೆಯಾಗುತ್ತದೆ.

ದಂಡೆಯ ಬುಡ ಒದ್ದೆ

ಫೆಬ್ರವರಿ, ಮಾರ್ಚಿನಲ್ಲಿ ದಂಡೆಯ ಹೊರ ಇಳಿಜಾರಿನ ಹುಲ್ಲು ಒಣಗಿ ಬೆಳ್ಳಗಾಗಿರುತ್ತದೆ. ಆಗ ಒಂದು ಕಡೆ ಮಾತ್ರ ತಿಮರೆ, ಅಂದರೆ ಒಂದೆಲಗ, ಹಸಿರಾಗಿ ಹಬ್ಬಿದ್ದರೆ, ಕೆಸು ಎದ್ದಿದ್ದರೆ, ಅಲ್ಲಿ ನೀರು ಇದೆ. ಈ ಹಸಿರು ಬುಡದಲ್ಲಿ ಇದ್ದರೆ ಒಂದು ಲೆಕ್ಕ. ಇಳಿಜಾರಿನ ಅರ್ಧದಲ್ಲಿ ಇದ್ದರೆ ಬೇರೆಯೇ ಲೆಕ್ಕ: ದಂಡೆಯ ಹೊಟ್ಟೆಯೊಳಗೆ ನೀರು ಅಷ್ಟು ಮೇಲೆ ನಿಂತಿದೆ, ಇಳಿಜಾರು ಜಾರಬಹುದು.

ಮೊದಲು ಇದು ಕೆರೆಯ ನೀರೋ, ಗುಡ್ಡದ ಒರತೆಯೋ ತಿಳಿಯಬೇಕು. ನಮ್ಮ ಕಡೆ ದಂಡೆಯ ಎರಡೂ ತುದಿ ಗುಡ್ಡಕ್ಕೆ ಸೇರಿರುತ್ತವೆ, ಮಳೆಗಾಲದಲ್ಲಿ ಗುಡ್ಡದ ಎಲ್ಲ ಕಡೆ ಒರತೆ ಏಳುತ್ತದೆ. ಕೆರೆಯ ಒಳಗೆ ತೂಬಿನ ಕಲ್ಲಿಗೆ ಪೇಂಟಿನಲ್ಲಿ ಹತ್ತು ಹತ್ತು ಸೆಂಟಿಮೀಟರಿಗೆ ಗೆರೆ ಹಾಕಿ. ದಿನಾ ಆ ಗೆರೆ, ಮಳೆ ಬಂತೋ ಇಲ್ಲವೋ, ಜಿನುಗು ಎಷ್ಟು ಅಂತ ಒಂದು ಪುಸ್ತಕದಲ್ಲಿ ಬರೆಯಿರಿ. ಮಳೆ ನಿಂತ ಮೇಲೂ ಕೆರೆ ತುಂಬಿದ್ದಷ್ಟು ದಿನ ಜಿನುಗು ಹಾಗೇ ಇದ್ದು, ತೂಬು ಬಿಟ್ಟು ಮಟ್ಟ ಇಳಿಸಿದಾಗ ಅದೂ ಇಳಿದರೆ ಕೆರೆಯ ನೀರು. ಮಟ್ಟ ಏನೇ ಇರಲಿ, ಮಳೆ ಹೋದ ಕೆಲವು ವಾರದಲ್ಲಿ ತಾನೇ ಕಡಿಮೆ ಆದರೆ ಒರತೆ.

ಕೆಲವು ಕಡೆ ಕಿತ್ತಳೆ ಬಣ್ಣದ ಲೋಳೆ, ಮೇಲೆ ಎಣ್ಣೆ ಚೆಲ್ಲಿದಂಥ ಹೊಳಪು ಕಾಣುತ್ತದೆ. ಯಾರೋ ಡೀಸೆಲ್ ಚೆಲ್ಲಿದ್ದಾರೆ ಅಂತ ಜಗಳ ಶುರು ಆಗುತ್ತದೆ. ಒಂದು ಕಡ್ಡಿ ತೆಗೆದುಕೊಂಡು ಆ ಹೊಳಪನ್ನು ಕಲಕಿ. ಚೂರು ಚೂರಾಗಿ ಒಡೆದು ಹಾಗೇ ಬಿಟ್ಟುಕೊಂಡರೆ ಅದು ಕಬ್ಬಿಣದ ಬ್ಯಾಕ್ಟೀರಿಯಾ. ಒಡೆದದ್ದು ಪುನಃ ಕೂಡಿಕೊಂಡರೆ ಎಣ್ಣೆ. ಮುರಕಲ್ಲಿನ ಊರಿನಲ್ಲಿ ಕಬ್ಬಿಣದ ಲೋಳೆ ಸಾಮಾನ್ಯ, ಅದು ದಂಡೆಯ ಮಣ್ಣಲ್ಲ. ಆದರೆ ಜಿನುಗು ನೀರು ಹೋಗುವ ಪೈಪಿನ ಬಾಯಿ ಕಟ್ಟಿಹಾಕುತ್ತದೆ, ಆಗಾಗ ತೆಗೆಯಬೇಕು.

ಇನ್ನು ಅಳತೆ. ಜಿನುಗು ನೀರನ್ನು ಒಂದು ಸಣ್ಣ ಕಾಲುವೆಗೆ ಸೇರಿಸಿ, ಪಿವಿಸಿ ಪೈಪಿನ ತುಂಡಿನಿಂದ ಬಕೆಟಿಗೆ ಬೀಳಿಸಿ. 10 ಲೀಟರಿನ ಬಕೆಟ್ 50 ಸೆಕೆಂಡಿನಲ್ಲಿ ತುಂಬಿದರೆ ನಿಮಿಷಕ್ಕೆ 12 ಲೀಟರ್. ಬಕೆಟಿಗೆ ಮೀರಿದ ನೀರಾದರೆ ತಗಡಿನಲ್ಲಿ 90 ಡಿಗ್ರಿಯ ಮೂಲೆ ಬರುವ ಹಾಗೆ ಇಂಗ್ಲಿಷ್ ವಿ ಆಕಾರದ ಕಿಂಡಿ ಕತ್ತರಿಸಿ ಕಾಲುವೆಗೆ ಅಡ್ಡ ನಿಲ್ಲಿಸಿ. ಕಿಂಡಿಯ ಮೂಲೆಯಿಂದ ನೀರು 5 ಸೆಂಟಿಮೀಟರ್ ಎತ್ತರ ಇದ್ದರೆ ನಿಮಿಷಕ್ಕೆ ಸುಮಾರು 46 ಲೀಟರ್. 10 ಸೆಂಟಿಮೀಟರ್ ಆದರೆ ಸುಮಾರು 260. ಎತ್ತರ ದುಪ್ಪಟ್ಟಾದರೆ ನೀರು ಐದು ಪಟ್ಟಿಗೂ ಮೇಲೆ, ಇದನ್ನು ನೆನಪಿಡಿ. ಎತ್ತರ ಅಳೆಯುವುದು ಕಿಂಡಿಯ ಬಾಯಲ್ಲೇ ಅಲ್ಲ, ಸ್ವಲ್ಪ ಹಿಂದೆ, ನೀರು ಸಮ ಇರುವಲ್ಲಿ.

ನೀರು ತಿಳಿ ಇದ್ದು ಅಳತೆ ಏರದಿದ್ದರೆ ಅದಕ್ಕೊಂದು ಸರಿಯಾದ ದಾರಿ ಮಾಡಿಕೊಟ್ಟು ನೋಡುತ್ತಾ ಇದ್ದರೆ ಸಾಕು. ಮಬ್ಬಾದರೆ, ಅಥವಾ ಅದೇ ಮಟ್ಟಕ್ಕೆ ಅಳತೆ ಏರಿದರೆ ರಿಪೇರಿ ಬೇಕು.

ಇಲ್ಲಿ ನಮ್ಮವರು ಮಾಡುವ ದೊಡ್ಡ ಎಡವಟ್ಟು ಒಂದಿದೆ. ಒದ್ದೆ ಕಂಡಲ್ಲಿ ಕಲ್ಲು ಕಟ್ಟಿ ಸಿಮೆಂಟ್ ಹೊಡೆಯುವುದು. ಫೋಟೊದಲ್ಲಿ ಚಂದ ಕಾಣುತ್ತದೆ, ಬಿಲ್ಲೂ ಪಾಸಾಗುತ್ತದೆ. ಒಳಗಿನ ನೀರಿಗೆ ಹೋಗಲು ಜಾಗ ಇಲ್ಲದೆ ಒತ್ತಡ ಏರುತ್ತದೆ. ಆಮೇಲೆ ಇನ್ನೂ ಮೇಲೆ, ಯಾರೂ ನೋಡದ ಕಡೆ ಹೊರಬರುತ್ತದೆ. ನೀರು ತಡೆಯುವುದಾದರೆ ಕೆರೆಯ ಬದಿಯಲ್ಲಿ, ಜೇಡಿ ಮಣ್ಣಿನ ಹೊದಿಕೆಯಿಂದ ತಡೆಯಿರಿ. ಗದ್ದೆಯ ಬದಿಯಲ್ಲಿ ತಡೆಯಬೇಡಿ, ಮರಳು-ಜಲ್ಲಿಯ ಸೋಸುಪದರದ ಮೂಲಕ ಹೊರಗೆ ಬಿಡಿ. ಬುಡದಲ್ಲಿ ನೀರು ಬುಗ್ಗೆಯೆದ್ದು ಸುತ್ತಲೂ ಮರಳಿನ ದಿಬ್ಬ ಕಟ್ಟುತ್ತಿದ್ದರೂ ಇದೇ ನಿಯಮ. ಸುತ್ತ ಮರಳಿನ ಚೀಲ ಪೇರಿಸಿ ನೀರು ಸ್ವಲ್ಪ ಏರಲು ಬಿಡಿ. ಬುಗ್ಗೆಯ ಬಾಯಿ ಮುಚ್ಚಬಾರದು, ಹೊರಬರುವ ನೀರು ತಿಳಿಯಾದರೆ ಸಾಕು.

ರಿಪೇರಿಗೆ ತರುವ ಮಣ್ಣನ್ನು ಮನೆಯಲ್ಲೇ ಪರೀಕ್ಷಿಸಬಹುದು. ಬ್ಯಾಟರಿಗೆ ಹಾಕುವ ನೀರು ಅಂಗಡಿಯಲ್ಲಿ ಸಿಗುತ್ತದೆ. ಅದನ್ನು ಗ್ಲಾಸಿನಲ್ಲಿ ಹಾಕಿ, ಕಡಲೆಕಾಳಿನಷ್ಟು ಮಣ್ಣಿನ ಹೆಂಟೆಯನ್ನು ಮೆಲ್ಲ ಬಿಡಿ. ಕಲಕಬೇಡಿ. ಹೆಂಟೆ ಕುಸಿದು ಪುಡಿಯಾದರೂ ನೀರು ತಿಳಿ ಇದ್ದರೆ ಪರವಾಗಿಲ್ಲ. ಸುತ್ತ ಮೋಡ ಕಟ್ಟಿ ಅದು ತಳದಲ್ಲೆಲ್ಲ ಹರಡಿದರೆ ಆ ಮಣ್ಣಿನ ಲೋಡ್ ವಾಪಸ್ ಕಳಿಸಿ. ಮೋಡ ಕಟ್ಟದ ಶೇಡಿಯೂ ಇರುತ್ತದೆ, ಆದ್ದರಿಂದ ಈ ಪರೀಕ್ಷೆಯಲ್ಲಿ ಪಾಸಾದರೂ ಶೇಡಿ ಬೇಡ.

ತೂಬಿನ ಪಕ್ಕದಲ್ಲಿ ಸೋರಿಕೆ

ದಂಡೆಯ ಒಳಗೆ ಪೈಪು ಹಾದುಹೋಗುವ ಜಾಗ ಹುಟ್ಟಿನಿಂದಲೇ ದುರ್ಬಲ. ಪೈಪಿನ ಕೆಳಗಿನ ಮಣ್ಣನ್ನು ಸರಿಯಾಗಿ ದಮ್ಮಸು ಮಾಡಲು, ಅಂದರೆ ಗುದ್ದಿ ಗಟ್ಟಿ ಮಾಡಲು ಆಗುವುದಿಲ್ಲ. ಗೇಟು ಪೂರ್ತಿ ಹಾಕಿ ಹೊರಬಾಯಿಗೆ ಹೋಗಿ ನೋಡಿ. ಪೈಪಿನ ಒಳಗಿಂದ ನೀರು ಬರುತ್ತಿದ್ದರೆ ಗೇಟಿನ ರಬ್ಬರ್ ಹೋಗಿರಬಹುದು, ಕಸ ಸಿಕ್ಕಿರಬಹುದು, ಇಲ್ಲವೇ ದಂಡೆಯೊಳಗೆ ಪೈಪಿನ ಜಾಯಿಂಟ್ ಬಿಟ್ಟಿರಬಹುದು. ಆ ನೀರಲ್ಲಿ ಮಣ್ಣಿದ್ದರೆ ಜಾಯಿಂಟಿನದ್ದೇ ಕಥೆ. ಪೈಪಿನ ಹೊರಸುತ್ತಿನಿಂದ, ಪೈಪಿಗೂ ಮಣ್ಣಿಗೂ ನಡುವೆ ಬರುತ್ತಿದ್ದರೆ ಅದು ಎಲ್ಲಕ್ಕಿಂತ ಕೆಟ್ಟದು. ಗೇಟು ಹಾಕಿದಾಗ ಒಣಗಿದ್ದು, ಬಿಟ್ಟಾಗ ಮಾತ್ರ ಪೈಪಿನ ಸುತ್ತ ಒದ್ದೆಯಾದರೆ ಪೈಪಿನ ನೀರು ದಂಡೆಗೆ ಹೋಗುತ್ತಿದೆ. ಪೈಪು ಹೋಗುವ ನೇರಕ್ಕೆ ದಂಡೆಯ ತಲೆಯಲ್ಲಿ ಸಣ್ಣ ತಗ್ಗು ಇದೆಯಾ ಅಂತಲೂ ನೋಡಿ. ಇದು ಊರವರು ಕೈಹಾಕುವ ರಿಪೇರಿ ಅಲ್ಲ.

ಬಿರುಕು

ಏಪ್ರಿಲ್, ಮೇ ಬಿಸಿಲಿಗೆ ದಂಡೆಯ ಮೇಲೆ ಬಲೆಬಲೆಯಾಗಿ ಬಿರುಕು ಬರುತ್ತದೆ. ಒಂದಡಿ ಅಗೆದರೆ ಮುಗಿದುಹೋಗುತ್ತದೆ. ದಂಡೆಗೆ ಅಡ್ಡವಾಗಿ, ಕೆರೆಯಿಂದ ಗದ್ದೆಯ ಕಡೆಗೆ ಹೋಗುವ ಬಿರುಕು ಸಣ್ಣದಾದರೂ ಬಿಡಬೇಡಿ. ಕೆರೆ ತುಂಬಿದಾಗ ನೀರಿಗೆ ಅದೇ ದಾರಿ. ಸುಣ್ಣದ ನೀರು ಹೊಯ್ದು ಆಮೇಲೆ ಪಕ್ಕದಲ್ಲಿ ಅಗೆಯಿರಿ. ಬಿಳಿ ಗೆರೆ ಎಲ್ಲಿಯವರೆಗೆ ಇಳಿದಿದೆಯೋ ಬಿರುಕು ಕಡಿಮೆಯೆಂದರೆ ಅಲ್ಲಿಯವರೆಗೆ ಇದೆ. ಉದ್ದಕ್ಕೆ ಹೋಗಿ ತುದಿಯಲ್ಲಿ ಬಿಲ್ಲಿನ ಹಾಗೆ ಬಾಗಿದ ಬಿರುಕು, ಒಂದು ಬದಿ ಸ್ವಲ್ಪ ಇಳಿದಿದೆ, ಕೆಳಗೆ ಬುಡ ಉಬ್ಬಿದೆ ಅಂದರೆ ಇಳಿಜಾರು ಜಾರಲು ಶುರು ಆಗಿದೆ. ಮೇಲೆ ಮಣ್ಣು ಹಾಕಿ ಸಮ ಮಾಡಿದರೆ ಭಾರ ಹೆಚ್ಚಿ ಬೇಗ ಜಾರುತ್ತದೆ. ಭಾರ ಬೇಕಾದದ್ದು ಬುಡಕ್ಕೆ, ಅದೂ ನೀರು ಬಿಡುವ ಕಲ್ಲು ಜಲ್ಲಿ.

ಕೆರೆಯನ್ನು ಒಮ್ಮೆಲೇ ಖಾಲಿ ಮಾಡಿದರೂ ಒಳ ಇಳಿಜಾರು ಜಾರಬಹುದು. ತುರ್ತು ಇಲ್ಲದಿದ್ದರೆ ದಿನಕ್ಕೆ ಒಂದಡಿಗಿಂತ ಜಾಸ್ತಿ ಇಳಿಸಬೇಡಿ.

ಬಿಲ, ಬೇರು, ಹುತ್ತ

2019ರ ಜುಲೈ 2ರ ರಾತ್ರಿ ರತ್ನಾಗಿರಿ ಜಿಲ್ಲೆಯ ತಿವರೆ ಅಣೆಕಟ್ಟು ಒಡೆಯಿತು. ಮಣ್ಣಿನದ್ದು, ನಮ್ಮದೇ ಪಶ್ಚಿಮ ಕರಾವಳಿಯ ಮಳೆ. ಇಪ್ಪತ್ತರ ಆಸುಪಾಸು ಜನ ಹೋದರು. ಅಲ್ಲಿನ ಸಚಿವರೊಬ್ಬರು ಏಡಿಗಳಿಂದ ಹೀಗಾಯಿತು ಅಂದಾಗ ದೇಶವೇ ನಕ್ಕಿತು. ಸೋರುತ್ತಿದೆ ಅಂತ ಊರವರು ಮೊದಲೇ ಹೇಳಿದ್ದರು ಅನ್ನುವುದೂ ಸುದ್ದಿಯಾಯಿತು. ಏಡಿಯ ಮೇಲೆ ಗೂಬೆ ಕೂರಿಸುವುದು ತಮಾಷೆಯೇ. ಆದರೆ ಬಿಲ ಅನ್ನುವುದು ತಮಾಷೆ ಅಲ್ಲ. ಏಡಿ, ಹೆಗ್ಗಣ, ಮುಳ್ಳುಹಂದಿ, ಗೆದ್ದಲು ಎಲ್ಲವೂ ದಂಡೆಯನ್ನು ತೆಳು ಮಾಡುತ್ತವೆ. ನೋಡದೆ ಬಿಟ್ಟವರು ಮನುಷ್ಯರು, ಅಷ್ಟೇ.

ಬಿಲದ ಬಾಯಿಗೆ ಮಣ್ಣು ತುರುಕಿದರೆ ಪ್ರಯೋಜನ ಇಲ್ಲ. ಕೊನೆಯವರೆಗೆ ಅಗೆದು, ಅರ್ಧ ಅಡಿ ಅರ್ಧ ಅಡಿ ಮಣ್ಣು ಹಾಕಿ ದಮ್ಮಸು ಮಾಡಬೇಕು. ತೀರಾ ಉದ್ದದ ಸಣ್ಣ ಬಿಲಕ್ಕೆ ಒಂಬತ್ತು ಪಾಲು ಮಣ್ಣು, ಒಂದು ಪಾಲು ಸಿಮೆಂಟ್ ನೀರಲ್ಲಿ ಕಲಸಿ ಪೈಪಿನಿಂದ ಹೊಯ್ಯಬಹುದು.

ದಂಡೆಯ ಮೇಲಿನ ಅಕೇಶಿಯಾ, ಗೇರು ಸಣ್ಣದಿರುವಾಗಲೇ ಕೀಳಿ. ದೊಡ್ಡದಾದ ಮೇಲೆ ಬರೀ ಕಡಿದುಬಿಟ್ಟರೆ ಬೇರು ಒಳಗೇ ಕೊಳೆತು ಪೊಳ್ಳು ಉಳಿಯುತ್ತದೆ. ಬುಡ, ದೊಡ್ಡ ಬೇರು ತೆಗೆದು ಗುಂಡಿ ಗಟ್ಟಿಯಾಗಿ ತುಂಬುವ ಕೆಲಸ ಬೇಸಿಗೆಯಲ್ಲಿ, ನೀರು ಕೆಳಗಿದ್ದಾಗ ಮಾತ್ರ. ದಂಡೆಗೆ ಹುಲ್ಲು ಸಾಕು, ಲಾವಂಚ ಆದರೆ ಇನ್ನೂ ಒಳ್ಳೆಯದು.

ಹುತ್ತದ ವಿಷಯ ನಾಜೂಕು. ನಾಗನ ಜಾಗ ಅಂತ ನಂಬಿಕೆ, ಯಾರೂ ಮುಟ್ಟುವುದಿಲ್ಲ. ಜೆಸಿಬಿ ತಂದು ಬೆಳಗಾಗುವುದರೊಳಗೆ ಎತ್ತಿಸುವ ಉಪಾಯ ಯಾರಾದರೂ ಹೇಳಿದರೆ ಕೇಳಬೇಡಿ, ಊರೇ ಎರಡಾಗುತ್ತದೆ. ಹಿರಿಯರನ್ನು, ಪೂಜೆ ಮಾಡುವವರನ್ನು ಕೂರಿಸಿ ದಂಡೆಯ ಸ್ಥಿತಿ ತೋರಿಸಿ ಮಾತಾಡಿ. ಮಳೆಗಾಲಕ್ಕೆ ಬಹಳ ಮೊದಲೇ ಈ ಮಾತು ಆಗಬೇಕು.

ಕೋಡಿ ಸಾಲುತ್ತದೆಯಾ?

ಕಿಂಡಿ ಅಣೆಕಟ್ಟಿಗೆ ಮಳೆ ಹೋದ ಮೇಲೆ ಹಲಗೆ ಹಾಕುವುದು, ಮಳೆಗೆ ಮೊದಲು ತೆಗೆಯುವುದು ನಮಗೆ ಅಭ್ಯಾಸ. ಅದೇ ಅಭ್ಯಾಸದಲ್ಲಿ ಕೆರೆಯ ಕೋಡಿಗೂ ಮರಳಿನ ಚೀಲ ಇಡುತ್ತಾರೆ. ಬೇಸಿಗೆಗೆ ಒಂದಡಿ ನೀರು ಜಾಸ್ತಿ ಸಿಗುತ್ತದಲ್ಲ! ತೆಗೆಯಲು ಮರೆತರೆ ಏನಾಗುತ್ತದೆ ಅಂತ ಲೆಕ್ಕ ಹಾಕುವಾ.

ಕೆರೆಗೆ ನೀರು ಬರುವ ಜಾಗ 100 ಎಕರೆ ಅನ್ನಿ. ಒಂದು ಗಂಟೆಯಲ್ಲಿ 50 ಮಿಲಿಮೀಟರ್ ಮಳೆ ಬಿದ್ದು, ಅದರಲ್ಲಿ ನೂರಕ್ಕೆ 60 ಪಾಲು ಹರಿದು ಬಂದರೆ ಸೆಕೆಂಡಿಗೆ ಸುಮಾರು 3,400 ಲೀಟರ್. ಕೋಡಿ 5 ಮೀಟರ್ ಅಗಲ ಇದ್ದು, ಅದರ ಮೇಲೆ 60 ಸೆಂಟಿಮೀಟರ್ ನೀರು ಹರಿಯಲು ಜಾಗ ಇದ್ದರೆ ಸೆಕೆಂಡಿಗೆ ಸುಮಾರು 3,900 ಲೀಟರ್ ಹೋಗುತ್ತದೆ. ಸಾಲುತ್ತದೆ. ಈಗ 30 ಸೆಂಟಿಮೀಟರ್ ಚೀಲ ಇಡಿ. ಉಳಿದ ಎತ್ತರ ಅರ್ಧ. ಆದರೆ ಹೋಗುವ ನೀರು ಅರ್ಧ ಅಲ್ಲ, ಮೂರನೇ ಒಂದು ಪಾಲಿಗೆ ಇಳಿಯುತ್ತದೆ: ಸುಮಾರು 1,400 ಲೀಟರ್. ಮಿಕ್ಕ ನೀರು ದಂಡೆ ಹತ್ತುತ್ತದೆ. ಮಣ್ಣಿನ ದಂಡೆಯ ಮೇಲೆ ನೀರು ಹರಿಯಿತು ಅಂದರೆ ಮುಗಿಯಿತು. 1979ರ ಆಗಸ್ಟ್ 11ರಂದು ಗುಜರಾತಿನ ಮಚ್ಛು ಅಣೆಕಟ್ಟಿನ ಮಣ್ಣಿನ ಭಾಗ ಕೊಚ್ಚಿಹೋಗಿ ಮೊರ್ಬಿ ಪಟ್ಟಣ ಮುಳುಗಿದ್ದು ಹೀಗೇ.

ಮೊದಲ ಮಳೆಗೆ ಹೊಸ ನೀರಿಗೆ ಎದುರಾಗಿ ಏರಿ ಬರುವ ಉಬರ್ ಮೀನು ಹಿಡಿಯಲು ಕೋಡಿಗೆ ಬಲೆ ಕಟ್ಟುವವರೂ ಇದ್ದಾರೆ. ಆ ಖುಷಿ ಗೊತ್ತು, ಬೇಡ ಅನ್ನಲು ಮನಸ್ಸೂ ಬರುವುದಿಲ್ಲ. ಆದರೆ ಬಲೆಗೆ ಎಲೆ, ಕೊಂಬೆ, ಪ್ಲಾಸ್ಟಿಕ್ ಸಿಕ್ಕಿ ಗೋಡೆಯೇ ಆಗುತ್ತದೆ. ಬಲೆ ಕೋಡಿಯ ಕೆಳಗಿನ ತೋಡಿನಲ್ಲಿ ಕಟ್ಟಲಿ.

ದಂಡೆಯ ತಲೆ ಸಮ ಇದೆಯಾ ಅಂತ ಮೇಸ್ತ್ರಿಗಳ ನೀರಿನ ಟ್ಯೂಬಿನಲ್ಲಿ ಪರೀಕ್ಷಿಸಿ. ಬೈಕಿನವರ ಅಡ್ಡದಾರಿಯಿಂದ ತಗ್ಗಾದ ಒಂದು ಜಾಗ ಸಾಕು, ನೀರು ಮೊದಲು ಹತ್ತುವುದು ಅಲ್ಲೇ.

ಬೇಸಿಗೆಯಲ್ಲಿ ನೀರು ಬೇಗ ಇಳಿಯುತ್ತಿದೆ

ಎಲ್ಲ ಇಳಿಕೆಯೂ ಸೋರಿಕೆ ಅಲ್ಲ. ಬಿಸಿಲಿಗೆ ದಿನಕ್ಕೆ 5 ಮಿಲಿಮೀಟರ್ ಆಸುಪಾಸು ಆವಿಯಾಗುತ್ತದೆ. ಒಂದು ಎಕರೆ ಕೆರೆಯಲ್ಲಿ ಅದೇ ದಿನಕ್ಕೆ 20,000 ಲೀಟರ್! ಒಂದು ಬಕೆಟಿಗೆ ಕಲ್ಲು, ಕೆರೆಯ ನೀರು ತುಂಬಿ ಮೆಟ್ಟಿಲ ಮೇಲೆ, ಅರ್ಧ ಮುಳುಗುವ ಹಾಗೆ ಇಡಿ. ಒಳಗೂ ಹೊರಗೂ ನೀರಿನ ಮಟ್ಟಕ್ಕೆ ಗುರುತು ಹಾಕಿ. ಆ ದಿನ ತೂಬು, ಪಂಪು ಎರಡೂ ಬಂದ್. ಮರುದಿನ ಅದೇ ಹೊತ್ತಿಗೆ ನೋಡಿ. ಒಳಗೆ ಇಳಿದದ್ದು ಬಿಸಿಲಿನ ಲೆಕ್ಕ, ಹೊರಗೆ ಅದಕ್ಕಿಂತ ಎಷ್ಟು ಜಾಸ್ತಿ ಇಳಿದಿದೆಯೋ ಅಷ್ಟು ಸೋರಿಕೆ. ಕೆಳಗಿನ ತೋಟಗಳ ಬಾವಿ ಆ ಸೋರಿಕೆಯಿಂದಲೇ ತುಂಬುತ್ತಿರಬಹುದು. ಪೂರ್ತಿ ನಿಲ್ಲಿಸಿದರೆ ಬೈಗುಳ ನಿಮಗೇ.

ವಾಕಿಂಗ್, ಬೋಟು, ಈಜು

ಇಂಟರ್‌ಲಾಕ್ ದಾರಿ ಬಿರುಕನ್ನು ಮುಚ್ಚಿಡುತ್ತದೆ. ಹಾಕಿಯೇ ಹಾಕುತ್ತೀರಿ ಅಂತಾದರೆ ಎರಡೂ ಬದಿ ಮಣ್ಣು ಕಾಣುವ ಹಾಗೆ ಬಿಡಿ, ಮಳೆನೀರು ಕೆರೆಯ ಕಡೆಗೆ ಹರಿಯುವಂತೆ ಓರೆ ಕೊಡಿ. ಬ್ಲಾಕು ಒಂದು ಕಡೆ ತಗ್ಗಿದರೆ ಕಿತ್ತು ಅಡಿಯ ಮಣ್ಣು ನೋಡಿ. ಸುಮ್ನೆ ಮರಳು ಹಾಕಿ ಸಮ ಮಾಡಬೇಡಿ. ದೀಪದ ಕೇಬಲಿಗೆ ದಂಡೆಯ ತಲೆಯಲ್ಲಿ ಚರಂಡಿ ತೋಡಿ ಸಡಿಲ ಮಣ್ಣು ಮುಚ್ಚಿದರೆ ಅದೂ ನೀರಿಗೆ ದಾರಿ. ಸೋಲಾರ್ ಕಂಬ ದಂಡೆಯ ಹೊರಗೆ ನೆಡುವುದು ವಾಸಿ.

ಮೋಟಾರ್ ಬೋಟಿನ ಅಲೆ ಒಳಬದಿಯ ಮಣ್ಣನ್ನು ಮೆಲ್ಲ ಮೆಲ್ಲ ತಿನ್ನುತ್ತದೆ. ನೀರಿನ ಮಟ್ಟದಲ್ಲಿ ಮೆಟ್ಟಿಲಿನ ಹಾಗೆ ಕೊರೆತ ಕಂಡರೆ ಕಲ್ಲು ಹಾಸಬೇಕು. ಪೆಡಲ್ ಬೋಟು ಅಷ್ಟು ತೊಂದರೆ ಇಲ್ಲ. ತೂಬಿನ ಸುತ್ತ ಹಗ್ಗ, ತೇಲುವ ಡಬ್ಬಿ ಕಟ್ಟಿ ಬೋಟು, ಈಜು ಎರಡನ್ನೂ ದೂರ ಇಡಿ. ತೂಬು ಬಿಟ್ಟಾಗಿನ ಸೆಳೆತ ಮೇಲಿಂದ ಕಾಣುವುದಿಲ್ಲ. ಪಾಚಿ ಕಟ್ಟಿದ ಕೋಡಿಯ ಮೇಲೆ ಸೆಲ್ಫಿಗೆ ನಿಲ್ಲುವವರಿಗೆ ಬೋರ್ಡು ಸಾಲುವುದಿಲ್ಲ, ಗೇಟೇ ಬೇಕು.

ಈಜುವ ಕೆರೆಯ ಹತ್ತಿರದ ಬಾವಿ ನೀರನ್ನು ಕ್ಲೋರಿನ್ ಹಾಕದೆ ಬಿಡಬಾರದು. ನಳ್ಳಿಯ ತುದಿಯಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಉಳಿದಿರಬೇಕು. ನೀರು ಮಬ್ಬಾಗಿದ್ದರೆ ಕ್ಲೋರಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಹಾಗಾಗಿ ಬಿಳಿ ನೀರಿನ ದೂರು ಬಂದ ದಿನ ಕುದಿಸಿ ಕುಡಿಯಲು ಹೇಳಿ.

ಅರ್ಜಿ ಯಾರಿಗೆ, ಯಾವಾಗ

ಕೆರೆಯ ಅಚ್ಚುಕಟ್ಟು, ಅಂದರೆ ಅದರ ನೀರು ಉಣ್ಣುವ ಜಮೀನು, 40 ಹೆಕ್ಟೇರಿಗಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಜಿಲ್ಲಾ ಪಂಚಾಯತ್, ಅದಕ್ಕಿಂತ ಜಾಸ್ತಿ, 2,000 ಹೆಕ್ಟೇರಿನವರೆಗೆ ಸಣ್ಣ ನೀರಾವರಿ ಇಲಾಖೆ. "ಕೆರೆ ಸೋರುತ್ತಿದೆ, ಸರಿಪಡಿಸಿ ಕೊಡಿ" ಅಂತ ಒಂದು ಸಾಲು ಬರೆದರೆ ಕಡತ ಮೂಲೆ ಸೇರುತ್ತದೆ. ದಿನದ ಮಟ್ಟ, ಮಳೆ, ಜಿನುಗು ಬರೆದ ಪುಸ್ತಕದ ಜೆರಾಕ್ಸ್, ಒದ್ದೆ ಜಾಗದಲ್ಲಿ ಟೇಪು ಹಿಡಿದು ತೆಗೆದ ಫೋಟೊ, ದಿನಾಂಕ ಬರೆದ ನೀರಿನ ಬಾಟಲಿಗಳು, ಇಷ್ಟನ್ನು ಮೇಜಿನ ಮೇಲೆ ಇಟ್ಟರೆ ಎಂಜಿನಿಯರ್ ಎದ್ದು ಬರಬೇಕಾಗುತ್ತದೆ. ನವೆಂಬರ್ ಒಳಗೆ ಕೊಡಿ. ಫೆಬ್ರವರಿಯಲ್ಲಿ ಕೊಟ್ಟ ಅರ್ಜಿ ಎಸ್ಟಿಮೇಟ್, ಟೆಂಡರ್ ದಾಟುವಷ್ಟರಲ್ಲಿ ಜೂನ್ ಬಂದಿರುತ್ತದೆ, ಒದ್ದೆ ದಂಡೆಯ ಮೇಲೆ ರೋಲರ್ ಹತ್ತಿಸಲು ಆಗುವುದಿಲ್ಲ.